ಕಡಲ ತಳದ ಉಪವಾಸಿ

ನಾನು ಒಂದು ಸೂಕ್ಷ್ಮಜೀವಿ. ಸೂಜಿಯ ಮೊನೆಯ ಮೇಲೆ ನನ್ನಂಥವರ ಒಂದು ಊರೇ ಕೂರಬಹುದು. ಸೈಬೀರಿಯದ ಉತ್ತರದ ಬಯಲಿನಲ್ಲಿ, ಒಂದು ಕೊಳದ ಕೆಸರಿನಲ್ಲಿ ಹುಟ್ಟಿದೆ. ಅಲ್ಲಿ ಎಲೆ, ಬೇರು ಕೊಳೆತಾಗ ಮೀಥೇನ್ ಎಂಬ ಅನಿಲ ಏಳುತ್ತದೆ. ಅದೇ ನಮ್ಮ ಅನ್ನ.

ಒಮ್ಮೆ ಬಂದ ಚಳಿಗಾಲ ಹೋಗಲೇ ಇಲ್ಲ. ಕೆಸರು ಕಲ್ಲಾಯಿತು. ನಾವು ಸಾಯಲಿಲ್ಲ, ಉಪವಾಸ ಕುಳಿತೆವು. ಸಾವಿರಾರು ವರ್ಷಗಳ ಮೇಲೆ ಕಡಲು ಏರಿ ಬಯಲನ್ನು ಮುಳುಗಿಸಿತು. ಉಪ್ಪು ಮೆಲ್ಲಗೆ ಕೆಳಗಿಳಿದು ಹಿಮವನ್ನು ಕರಗಿಸಿತು. ಆ ಉಪ್ಪಿಗೆ ನಮ್ಮವರು ಅನೇಕರು ಸತ್ತರು. ಉಳಿದವರು ಎಚ್ಚರವಾಗುವಾಗ, ಹಿಮದಲ್ಲಿ ಸಿಕ್ಕಿಬಿದ್ದಿದ್ದ ಮೀಥೇನ್ ಮೇಲೇಳುತ್ತಿತ್ತು. ನಾವು ತಿಂದದ್ದು ಅಲ್ಲಿಗೇ ಮುಗಿಯುತ್ತದೆ. ಬಿಟ್ಟದ್ದು ಆಕಾಶ ಸೇರಿದರೆ ಭೂಮಿಯ ಬಿಸಿ ಹೆಚ್ಚುತ್ತದೆ.

ಒಂದು ದಿನ ಉಕ್ಕಿನ ಕೊಳವೆ ಇಳಿದು ನಮ್ಮನ್ನು ಮಣ್ಣಿನ ಸಮೇತ ಎತ್ತಿತು. ಹಡಗು, ವಿಮಾನ, ಐಸ್ ತುಂಬಿದ ಪೆಟ್ಟಿಗೆ. ಕೈಯಿಂದ ಕೈಗೆ ದಾಟಿ ಧಾರವಾಡದ ಒಂದು ಪ್ರಯೋಗಾಲಯಕ್ಕೆ ಬಂದೆವು. ಅಲ್ಲಿ ಇಂದುಮತಿ ಹೆಬಸೂರ ಎಂಬ ಸಂಶೋಧಕಿ ನಮ್ಮನ್ನು ಗಾಳಿಯಾಡದ ಬಾಟಲಿಗಳಲ್ಲಿ ಇಟ್ಟಳು. ಕರಗಿದ ಮಣ್ಣಿನಲ್ಲಿ ಮೀಥೇನ್ ತಿನ್ನುವವರು ಬದುಕಿದ್ದಾರೆಯೇ ಎಂಬುದು ಅವಳ ಪ್ರಶ್ನೆ.

ಹಸಿದವರೆಂದು ಕನಿಕರಪಟ್ಟು ಧಾರಾಳವಾಗಿ ಸಕ್ಕರೆಯ ನೀರು ಹಾಕಿದಳು. ಬೇರೆ ಹೊಟ್ಟೆಬಾಕ ಜೀವಿಗಳು ಎದ್ದು ಮುಕ್ಕಿದವು, ನೀರನ್ನು ಹುಳಿ ಮಾಡಿ ತಾವೂ ಸತ್ತವು. ನಮ್ಮವರು ಆ ಗದ್ದಲದಲ್ಲಿ ಅಳಿದರು. ಸಕ್ಕರೆ ಬೀಳದ ಒಂದೇ ಬಾಟಲಿ ಉಳಿಯಿತು. ನಾನಿದ್ದದ್ದು ಅದರಲ್ಲಿ.

ಅವಳ ಗುರು ಅಡಿವೆಪ್ಪ ಸರ್ ಬಾಟಲಿಗಳನ್ನು ನೋಡಿ ನಕ್ಕರು. "ಉಪಾಸ ಇದ್ದವ್ರಿಗೆ ಒಮ್ಮೆಲೆ ಹೋಳಿಗಿ ಊಟ ಹಾಕೀಯಲ್ಲವಾ!"

"ಹಂಗಾರ ಇದಕ್ಕ ಗಂಜೀನ ರೀ ಸರ್," ಎಂದಳು.

ಅಂದಿನಿಂದ ನಮಗೆ ಉಪ್ಪುನೀರು, ಚೂರೇ ಚೂರು ಮೀಥೇನ್, ಮತ್ತೆ ಫ್ರಿಜ್ಜಿನ ತಂಪು. ತಿಂಗಳುಗಳು ಕಳೆದವು. ಅವಳು ಬಾಟಲಿಯ ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿ ಅನಿಲ ಅಳೆದಾಗಲೆಲ್ಲ ಅದು ಇದ್ದಷ್ಟೇ ಇತ್ತು.

"ಸತ್ತಾವ ಅನಸ್ತದ," ಎಂದರು ಸರ್. "ಫ್ರಿಜ್ ಬ್ಯಾರೆಯವ್ರಿಗೆ ಬೇಕಾಗೇದ. ದೀಪಾವಳಿ ಆದಮ್ಯಾಲ ಕುದಿಸಿ ಚೆಲ್ಲಿಬಿಡು."

"ಅಲ್ಲೀತನಕಾ ಇರಲ್ರಿ."

ಅದೇ ವಾರ ಕರೆಂಟ್ ಹೋಯಿತು, ಜನರೇಟರೂ ಕೈಕೊಟ್ಟಿತು. ಇಂದುಮತಿ ಕ್ಯಾಂಟೀನಿನಿಂದ ಐಸ್ ತಂದು ಡಬ್ಬಿಯಲ್ಲಿ ತುಂಬಿ, ಬಾಟಲಿಯನ್ನು ಅದರೊಳಗಿಟ್ಟು, ತನ್ನ ಉಣ್ಣೆಯ ಶಾಲನ್ನು ಸುತ್ತಿದಳು.

"ಥಂಡಿ ಇರ್ಲಿ ಅಂತ ಯಾರರೆ ಶಾಲು ಹೊಚ್ಚತಾರೇನ?" ಎಂದು ಸರ್ ಚುಡಾಯಿಸಿದರು. ಸ್ವಲ್ಪ ಹೊತ್ತಿನ ಮೇಲೆ ತಾವೇ ಹೋಗಿ ಇನ್ನೊಂದು ಬಕೆಟ್ ಐಸ್ ಹೊತ್ತು ತಂದರು.

ಹಬ್ಬ ಮುಗಿಸಿ ಬಂದವಳು ಕೊನೆಯ ಸಲ ಸೂಜಿ ಚುಚ್ಚಿದಳು. ಅನಿಲ ಕಡಿಮೆಯಾಗಿತ್ತು. ಮತ್ತೆ ಅಳೆದಳು. ಹೌದು, ಕಡಿಮೆಯೇ. ಸರ್ ಕನ್ನಡಕ ಒರೆಸಿಕೊಂಡು ಅಂಕಿ ನೋಡಿದರು.

"ಉಂಡಾರಲ್ಲವಾ!" ಎಂದರು.

ಈಗ ಇಂದುಮತಿ ಬೇರೆ ಊರಿನಲ್ಲಿದ್ದಾಳೆ. ನಾನು ಅದೇ ಫ್ರಿಜ್ಜಿನ ಹಿಂದಿನ ಮೂಲೆಯಲ್ಲಿದ್ದೇನೆ. ಬಾಟಲಿಯ ಕುತ್ತಿಗೆಗೆ ಆ ಶಾಲಿನ ಒಂದು ಎಳೆ ಇನ್ನೂ ಅಂಟಿದೆ. ನಮಗೆ ಮುಪ್ಪಿಲ್ಲ, ಒಂದಿದ್ದವರು ಎರಡಾಗುತ್ತೇವೆ, ಅದೂ ಬಹಳ ನಿಧಾನವಾಗಿ. ಆ ನಿಧಾನಕ್ಕೆ ಇಲ್ಲಿ ಒಬ್ಬಳು ಆಸರೆ ಕೊಟ್ಟಳು. ಕಡಲ ತಳದಲ್ಲಿ ಈಗಷ್ಟೇ ಏಳುತ್ತಿರುವ ನನ್ನವರಿಗೆ ಅಷ್ಟು ಸಮಯ ಸಿಗುತ್ತದೆಯೋ ಇಲ್ಲವೋ, ಇಲ್ಲಿಂದ ನನಗೆ ತಿಳಿಯದು. ಅವರು ಮೊದಲ ತುತ್ತು ಎತ್ತುವ ಮೊದಲೇ ಅಲ್ಲಿ ಮೀಥೇನಿನ ಗುಳ್ಳೆಗಳು ಮೇಲೇಳುತ್ತಿವೆ.