ಎಷ್ಟನೇ ಬಸಿರು

"ಮೊದಲನೇದು," ಎಂದಳು ಅತ್ತೆ, ಸೊಸೆ ಬಾಯಿ ತೆರೆಯುವ ಮುಂಚೆಯೇ.

ಪ್ರಶ್ನೆ ಕೇಳಿದ್ದು ಸೊಸೆಗೆ. ಬಸುರಿ ಬಾಣಂತಿಯರ ಆರೈಕೆಯ ಯೋಜನೆಯಿಂದ ಈ ಕೇರಿಗೆ ನಿಜಕ್ಕೂ ಉಪಯೋಗವಾಗಿದೆಯೇ ಎಂದು ನೋಡಲು ಪಟ್ಟಣದಿಂದ ಒಬ್ಬ ಮೇಡಂ ಬಂದಿದ್ದಳು. ನರ್ಸಮ್ಮನ ಎದುರಿಗೇ ನರ್ಸಮ್ಮನ ಬಗ್ಗೆ ಕೇಳುವುದು ಸರಿಯಲ್ಲವೆಂದು ಅವಳನ್ನು ಹೊರಗೆ ಕಳಿಸಿ, ಚುಚ್ಚುಮದ್ದಿನ ಕೋಣೆಯಲ್ಲಿ ಇವರನ್ನು ಕೂರಿಸಿಕೊಂಡಿದ್ದಳು. ಆಚೆ ಯಾರದೋ ಮಗುವನ್ನು ನರ್ಸಮ್ಮ ರಮಿಸುತ್ತಿದ್ದುದು ಕೇಳುತ್ತಿತ್ತು.

ಸೊಸೆಗೆ ಎಂಟು ತಿಂಗಳು. ಅವಳು ತಲೆ ಎತ್ತಲಿಲ್ಲ. ನಿನ್ನೆ ನಲ್ಲಿಯ ಹತ್ತಿರ ಹೆಂಗಸರೆಲ್ಲ ಸೇರಿ ತೀರ್ಮಾನ ಮಾಡಿಯಾಗಿತ್ತು: ಹೋದ ವರ್ಷ ತೀರಿಕೊಂಡ ಕೂಸಿನ ಸುದ್ದಿ ಯಾರೂ ಎತ್ತಕೂಡದು. ಎತ್ತಿದರೆ ತಪ್ಪನ್ನು ನರ್ಸಮ್ಮನ ತಲೆಗೆ ಕಟ್ಟಿ ಅವಳನ್ನು ಇಲ್ಲಿಂದ ಎತ್ತಂಗಡಿ ಮಾಡುತ್ತಾರೆ. ಇದಕ್ಕೆ ಅತ್ತೆಯೇ ಮುಂದಾಳು. ಕೇರಿಗೆಲ್ಲ ಗಿಣಿಪಾಠ ಹೇಳಿಕೊಟ್ಟವಳೂ ಅವಳೇ.

"ಏನಾದ್ರೂ ತೊಂದರೆ ಆಗಿತ್ತಾ?"

"ತೊಂದ್ರೆನಾ? ನಮ್ಮ ನರ್ಸಮ್ಮ ಚಿನ್ನದಂಥೋರು. ಇಲ್ಲಿ ಕಷ್ಟ ಅನ್ನೋದೇ ಇಲ್ಲ."

"ಬೆಳಗ್ಗೆಯಿಂದ ಎಲ್ರೂ ಇದನ್ನೇ ಹೇಳ್ತಿದ್ದಾರೆ. ಒಂದಕ್ಷರ ಆಚೀಚೆ ಇಲ್ಲ."

"ನಿಜ ಅನ್ನೋದು ಒಂದೇ ಅಲ್ವಾ, ಮೇಡಂ?"

ಮೇಡಂ ನಕ್ಕುಬಿಟ್ಟಳು. ಮತ್ತೆ ಗಂಭೀರವಾದಳು. "ಅಮ್ಮಾ, ಒಂದು ಮಾತು ತಿಳ್ಕೊಳ್ಳಿ. ಕಷ್ಟಾನೇ ಇಲ್ಲದ ಕಡೆ ನರ್ಸ್ ಯಾಕೆ ಅಂತ ಮೇಲಿನವರು ಕೇಳ್ತಾರೆ. ನಾನು ಹೀಗೇ ಬರೆದ್ರೆ ಅವರನ್ನ ಬೇರೆ ಕಡೆ ಹಾಕ್ತಾರೆ."

ಹೊಗಳಿ ಹೊಗಳಿ ನರ್ಸಮ್ಮನನ್ನು ಹೊನ್ನಶೂಲಕ್ಕೇರಿಸಿದ್ದಾಗಿತ್ತು. ಇಳಿಸುವುದು ಹೇಗೆಂದು ಪಾಠ ಹೇಳಿಕೊಟ್ಟವಳಿಗೇ ಗೊತ್ತಾಗಲಿಲ್ಲ.

"ಎರಡನೇದು," ಎಂದಳು ಸೊಸೆ.

"ಸುಮ್ನಿರೇ."

"ಇಲ್ಲ ಅತ್ತೆ. ಹೆತ್ತೇ ಇಲ್ಲ ಅಂತ ಹೇಳೋಕೆ ನನ್ನಿಂದಾಗಲ್ಲ." ಅವಳು ತಲೆ ಎತ್ತಿದಳು. "ಹೆಣ್ಣು ಕೂಸು, ಮೇಡಂ. ತಿಂಗಳು ತುಂಬೋ ಮೊದಲೇ ನೋವು ಬಂತು. ನರ್ಸಮ್ಮನೇ ಗಾಡಿ ಮಾಡಿ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋದ್ರು. ಆದ್ರೂ ಉಳೀಲಿಲ್ಲ. 'ಅವಳಿಗೆ ಕೂಸು ತೋರಿಸ್ಬೇಡಿ, ಎದೆ ಒಡ್ಕೋತಾಳೆ' ಅಂದ್ರು ಎಲ್ರೂ. ನರ್ಸಮ್ಮ ಮಾತ್ರ ಕೂಸಿನ ಮೈ ಒರೆಸಿ, ಬಟ್ಟೆ ಸುತ್ತಿ ನನ್ನ ತೋಳಿಗೆ ಕೊಟ್ರು. 'ನೀನು ಅವಳಮ್ಮ, ಕಣ್ತುಂಬ ನೋಡ್ಕೋ' ಅಂದ್ರು."

ಮೇಡಂ ಬರೆಯುವುದನ್ನು ಮರೆತಿದ್ದಳು.

"ಆಮೇಲೂ ವಾರವಾರ ಬಂದ್ರು. ಕೂಸೇ ಇಲ್ಲದ ಬಾಣಂತಿ ಮನೇಲಿ ಇವರಿಗೇನು ಕೆಲಸ ಅಂತ ಕೇರಿಯವರು ಆಡ್ಕೊಂಡ್ರು. ಹಾಲು ಕಟ್ಟಿ ಎದೆ ಕಲ್ಲಾಗಿತ್ತು, ಮೇಡಂ. ಅದನ್ನ ಯಾರ ಹತ್ರ ಹೇಳ್ಕೊಳ್ಳಲಿ? ಕುಡಿಯೋ ಕೂಸಿಲ್ಲ. ಅವರ ಹತ್ರ ಹೇಳ್ಕೊಂಡೆ. ಈ ಸಲ ಅವರು ಪಕ್ಕದಲ್ಲಿ ಇಲ್ದಿದ್ರೆ ನಾನು ಹೆದರಿಕೇಲೇ ಸತ್ತುಹೋಗ್ತೀನಿ."

ಮೇಡಂ ತಂದಿದ್ದ ಪ್ರಶ್ನೆಗಳಲ್ಲಿ ಇದಕ್ಕೆ ಜಾಗವಿರಲಿಲ್ಲ. ಹಾಳೆ ಮಗುಚಿ ಹಿಂಬದಿಯಲ್ಲಿ ಬರೆಯತೊಡಗಿದಳು. "ತೀರ್ಮಾನ ನನ್ನ ಕೈಲಿಲ್ಲಮ್ಮ. ಆದ್ರೆ ನೀವು ಹೇಳಿದ್ದನ್ನ ಹೇಳಿದ ಹಾಗೇ ಬರೀತೀನಿ. ಅವರು ಇಲ್ಲೇ ಇರಬೇಕು ಅಂತ ಬರೀತೀನಿ."

ಸೊಸೆ ತಲೆಯಾಡಿಸಿದಳು.

"ನೋಡೋಕೆ ಯಾರ ಥರ ಇದ್ಲು?" ಮೇಡಂ ಮೆಲ್ಲಗೆ ಕೇಳಿದಳು.

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

"ನೀನು ನಿದ್ದೆ ಹೋದ ಮೇಲೆ ನಾನೂ ಎತ್ಕೊಂಡಿದ್ದೆ ಕಣೇ," ಎಂದಳು ಅತ್ತೆ, ಗೋಡೆ ನೋಡುತ್ತ. "ಮೂಗು ನಂದೇ."

ಸೊಸೆ ಕಣ್ಣೊರೆಸಿಕೊಂಡು ಅತ್ತೆಯ ಕಡೆ ತಿರುಗಿದಳು. ದಿನಾ ಎದುರಿಗೇ ಇದ್ದ ಆ ಮೂಗನ್ನು ನೋಡುತ್ತ ಕೂತಳು.