ಉಪ್ಪು ಬೆಲ್ಲದ ಆಪಾಳ ಬಟ್ಟೆಗಂಟು

"ಇನ್ನೂ ಸ್ವಲ್ಪ ಎತ್ತು. ಹಾಂ, ಹಂಗೇ ಹಿಡ್ಕೋ," ಎಂದಳು ಕುಲ್ಸುಮ್ ನಾನಿ.

ಶೆಫಾಲಿ ಅತ್ತೆಯ ಹೆಗಲಡಿ ಕೈ ಕೊಟ್ಟು ಎತ್ತಿ ಹಿಡಿದಳು. ಅಂಗಳದ ಮೂಲೆಯಲ್ಲಿ ನಾಲ್ಕು ಬಿದಿರು ನೆಟ್ಟು ಹಳೆಯ ಸೀರೆಗಳನ್ನು ಸುತ್ತಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಅತ್ತೆ ಜಮೀಲಾ ಖಾತೂನಳ ಹೆಣ. ನಾನಿ ಕೈಗೆ ಬಟ್ಟೆ ಸುತ್ತಿಕೊಂಡು, ಹೊದ್ದಿಸಿದ ಚಾದರದ ಅಡಿಯಿಂದಲೇ ಹೊಟ್ಟೆಯನ್ನು ಮೆಲ್ಲಗೆ ಒತ್ತಿದಳು. ಮಣ್ಣಿಗೆ ಹೋಗುವ ಮುಂಚೆ ಒಳಗೆ ಉಳಿದದ್ದೆಲ್ಲ ಬಂದುಬಿಡಲಿ ಎಂದು ಹೀಗೆ ಒತ್ತುವುದು ಪದ್ಧತಿ. ಹಲಗೆಯ ಅಂಚಿನಿಂದ ಅಕ್ಕಿ ತೊಳೆದ ನೀರಿನಂಥದು ಗುಂಡಿಗೆ ಹರಿಯಿತು.

ನಾನಿಯ ಕೈ ನಿಂತಿತು.

"ಎಷ್ಟು ಸಲ ಆಗಿತ್ತು?"

"ಏನು ನಾನಿ? ಎದೆನೋವು ಅಂದ್ರು, ಅಷ್ಟರಲ್ಲೇ..."

"ನನ್ನ ಹತ್ರ ನಾಟಕ ಆಡ್ಬೇಡ ಹುಡುಗಿ. ನಿನ್ನ ವಯಸ್ಸಿಗಿಂತ ಜಾಸ್ತಿ ಹೆಣ ತೊಳೆದಿದೀನಿ ನಾನು."

ಶೆಫಾಲಿ ತಲೆ ತಗ್ಗಿಸಿ ನೀರು ಸುರಿದಳು. ನಾನಿ ಉಳಿದ ಕೆಲಸವನ್ನೆಲ್ಲ ಮುಗಿಸಿ ಹೆಣಕ್ಕೆ ಕಫನ್ ಬಟ್ಟೆ ಸುತ್ತಿದಳು. ಆಮೇಲೆ ಮೊಣಕೈವರೆಗೆ ಸಾಬೂನು ಹಚ್ಚಿ ಎರಡು ಸಲ ತೊಳೆದುಕೊಂಡು, ಶೆಫಾಲಿಯ ಕೈಗೂ ಸಾಬೂನು ಕೊಟ್ಟಳು.

"ಮೈ ತೊಳೆದವಳು ಕಂಡದ್ದನ್ನ ಆಚೆ ಆಡೋ ಹಾಗಿಲ್ಲ. ನನ್ನ ಬಾಯಿಗೆ ಕಟ್ಟಿದೆ," ಎಂದಳು. "ನಿನ್ನ ಬಾಯಿಗೆ ಯಾರೂ ಕಟ್ಟು ಹಾಕಿಲ್ಲ."

* * *

ಮೇಘನಾ ನದಿ ದಂಡೆಯ ಹದಿನಾಲ್ಕು ಹಳ್ಳಿಗಳಲ್ಲಿ ಜಮೀಲಾ ಖಾತೂನ್ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಉಪ್ಪು ಬೆಲ್ಲದ ಆಪಾ, ಅಂದರೆ ಉಪ್ಪು ಬೆಲ್ಲದ ಅಕ್ಕ, ಎಂದರೆ ಮನೆ ತೋರಿಸುತ್ತಾರೆ.

ಭೇದಿ ಹತ್ತಿದವರಿಗೆ ನೀರು ಕೊಡಬಾರದು, ಕೊಟ್ಟರೆ ಇನ್ನೂ ಹೋಗುತ್ತದೆ ಎಂದು ಹಿರಿಯರು ನಂಬಿದ್ದ ಕಾಲದಲ್ಲಿ ಅವಳು ಸೊಸೆಯಾಗಿ ಬಂದಳು. ಅವಳ ಚೊಚ್ಚಲ ಮಗ ಮೂರು ವರ್ಷದವನು ಹಾಗೆಯೇ ಹೋದ. ನೀರು, ನೀರು ಎಂದು ಅತ್ತು ಕೊನೆಗೆ ತೆವಳಿಕೊಂಡು ಹೋಗಿ ಹೊರಗೆ ಬೆವರಿದ್ದ ಮಣ್ಣಿನ ಕೊಡವನ್ನು ನೆಕ್ಕಿದನಂತೆ. ಅದನ್ನು ಕಂಡೂ ಜಮೀಲಾ ತನ್ನ ಅತ್ತೆಗೆ ಹೆದರಿ ಸುಮ್ಮನಿದ್ದಳು.

ಕೆಲವು ವರ್ಷ ಕಳೆದ ಮೇಲೆ ಭೇದಿಗೆ ಉಪ್ಪು ಬೆಲ್ಲದ ನೀರು ಕಲಸುವುದನ್ನು ಮನೆಮನೆಗೆ ಹೋಗಿ ಕಲಿಸುವ ಹೆಂಗಸರು ಬೇಕು ಎಂದು ಯಾರೋ ಬಂದಾಗ ಅವಳೇ ಮೊದಲು ಎದ್ದು ನಿಂತಳು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ಕೆಸರಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ಇಪ್ಪತ್ತು ವರ್ಷ ನಡೆದಳು. ಗಂಡಸರು ಬೈದರು, ನಾಯಿ ಬಿಟ್ಟರು. ಹೋದಷ್ಟು ಕುಡಿಸಬೇಕು, ಕುಡಿಸಿದಷ್ಟು ಹೋಗಲಿ ಬಿಡಿ, ಬಟ್ಟೆಗೆ ಹೆದರಬೇಡಿ, ಜೀವಕ್ಕೆ ಹೆದರಿ ಎಂದು ಹೇಳುತ್ತಲೇ ಹೋದಳು. ನೀರಿಗೆ ಕಲಸುವ ಪುಡಿಯ ಪ್ಯಾಕೆಟ್ ಬಂದ ಮೇಲೂ ಬಿಡಲಿಲ್ಲ. ಪ್ಯಾಕೆಟ್ಟನ್ನು ಅರ್ಧರ್ಧ ಕಲಸುವ ಜಿಪುಣಿಯರ ಕಿವಿ ಹಿಂಡುತ್ತಿದ್ದಳು.

ಸೊಸೆಯಾಗಿ ಬಂದ ಮೊದಲ ವಾರವೇ ಶೆಫಾಲಿಗೆ ಈ ಪಾಠ ಆಗಿತ್ತು. ಅವಳಿಗೆ ಗೊತ್ತಿರಲಿಲ್ಲ ಎನ್ನುವ ಹಾಗಿಲ್ಲ.

* * *

ಹತ್ತು ಗಂಟೆಯ ಹೊತ್ತಿಗೆ ಹಾಸ್ನಾರಾ ದೋಣಿಯಿಂದ ಇಳಿದಳು. ಶೆಫಾಲಿಯ ಗಂಡ ಲೋಕ್‌ಮಾನನಿಗೆ ಅವಳು ಅಕ್ಕ; ಶೆಫಾಲಿ ಅವಳನ್ನು ಕರೆಯುವುದು ಬುಬು ಎಂದು. ಅಮ್ಮನ ಮುಖ ನೋಡಿ ಎದೆ ಬಡಿದುಕೊಂಡು ಅತ್ತವಳು ಶೆಫಾಲಿಯನ್ನು ಬಾಚಿ ತಬ್ಬಿದಳು.

"ನೀನಿದ್ದೆಯಲ್ಲ ಹತ್ರ. ಅದೊಂದೇ ಸಮಾಧಾನ ನನಗೆ. ಹೆತ್ತ ಮಗಳು ನಾನೇನು ಮಾಡ್ದೆ?"

"ಸೊಸೆ ಅಂದ್ರೆ ಇಂಥೋಳಿರಬೇಕು," ಎಂದಳು ಪಕ್ಕದ ಮನೆಯ ಮೊಯ್ನಾ. "ನಮ್ಮನೇಲೂ ಇದಾಳೆ ಒಬ್ಳು. ನಾನು ಸತ್ರೆ ಮೊದಲು ಫೋನ್ ಚಾರ್ಜಿಗೆ ಹಾಕ್ತಾಳೆ, ಆಮೇಲೆ ಅಳ್ತಾಳೆ."

ಹೆಂಗಸರು ಅಳುವಿನ ನಡುವೆಯೇ ನಕ್ಕರು. ಶೆಫಾಲಿಗೆ ಒಂದೊಂದು ಹೊಗಳಿಕೆಯೂ ಕೆನ್ನೆಗೆ ಬಾರಿಸಿದಂತೆ ಆಗುತ್ತಿತ್ತು. ಎರಡು ದಿನ ದೋಣಿ ರಿಪೇರಿಗೆ ಹೋಗಿದ್ದ ಲೋಕ್‌ಮಾನ್ ನಸುಕಿನಲ್ಲಿ ಬಂದಾಗ, ರಾತ್ರಿ ಎದೆನೋವಿನಿಂದ ಹೋದರು ಎಂದುಬಿಟ್ಟಿದ್ದಳು. ಮಸೀದಿಯ ಮೈಕಿನಲ್ಲೂ ಅದನ್ನೇ ಕೂಗಿದರು. ಈಗ ಅದನ್ನು ವಾಪಸು ತೆಗೆದುಕೊಳ್ಳುವುದು ಹೇಗೆ?

ಗಂಡಸರು ಹೆಣವನ್ನು ಎತ್ತಿದರು. ಬೇಲಿಯಾಚೆಯ ಬಯಲಲ್ಲಿ ನಮಾಜಿಗೆ ಸಾಲು ನಿಂತಾಗ ಲೋಕ್‌ಮಾನನ ದನಿ ಇಲ್ಲಿಯವರೆಗೂ ಕೇಳಿಸಿತು. "ನಮ್ಮಮ್ಮ ಯಾರ ಮನಸ್ಸನ್ನಾದ್ರೂ ನೋಯಿಸಿದ್ರೆ ಮಾಫ್ ಮಾಡ್ಬಿಡಿ." ಮಾಡಿದೆವು, ಮಾಡಿದೆವು ಎಂದು ಊರೆಲ್ಲ ಒಟ್ಟಿಗೆ ಕೂಗಿತು.

ಶೆಫಾಲಿಗೆ ಹೊಟ್ಟೆ ನುಲಿಯಿತು. ಬೆಳಗಿನಿಂದ ಆರನೆಯ ಸಲ ಮನೆಯ ಹಿಂದಕ್ಕೆ ಓಡಿದಳು. ಬಾಯಿ ಒಣಗಿತ್ತು. ಕೊಡದ ಪಕ್ಕದಲ್ಲೇ ಹಾದು ಬಂದರೂ ನೀರು ಮುಟ್ಟಲಿಲ್ಲ.

* * *

ಅತ್ತೆಗೆ ಭೇದಿ ಶುರುವಾದದ್ದು ಮೊನ್ನೆ ಮಧ್ಯಾಹ್ನ. ಆಸ್ಪತ್ರೆಗೆ ಹೋಗೋಣ ಎಂದರೆ ಮುದುಕಿ ನಕ್ಕಳು. "ಸಾವಿರಾರು ಜನರನ್ನ ಮನೇಲೇ ಉಳಿಸ್ದೋಳು ನಾನು. ಪ್ಯಾಕೆಟ್ ಕಲಸು ಹೋಗು." ಶೆಫಾಲಿ ಕಲಸಿದಳು. ಅತ್ತೆ ಲೋಟದ ಮೇಲೆ ಲೋಟ ಕುಡಿದಳು, ಕುಡಿದಷ್ಟೂ ಹೋಯಿತು. ಹಾಸಿಗೆ, ಸೀರೆ, ಮತ್ತೆ ಹಾಸಿಗೆ. ನಿನ್ನೆ ಮಧ್ಯಾಹ್ನದ ಹೊತ್ತಿಗೆ ಏಳನೆಯ ಸಲ ಒಗೆದು ಹಿಂಡುತ್ತಿದ್ದ ಶೆಫಾಲಿ, ಹಿತ್ತಿಲಲ್ಲಿ ಮೊಯ್ನಾಳ ಸೊಸೆ ಕಂಡಾಗ ಅಂದುಬಿಟ್ಟಳು.

"ಸಾಕಾಗಿದೆ ಕಣೇ. ಸೊಂಟ ಬಿದ್ದೋಯ್ತು. ಹೊಟ್ಟೆ ಸರಿ ಇಲ್ಲ ಇವರಿಗೆ. ಇತ್ಲಾಗೆ ಕುಡೀತಾರೆ, ಅತ್ಲಾಗೆ ಬಿಡ್ತಾರೆ. ನಾನೇನು ಮನುಷ್ಯಳಲ್ವಾ?"

ತಗಡಿನ ಗೋಡೆಯಾಚೆಗೇ ಅತ್ತೆಯ ಮಂಚವಿತ್ತು.

ಆಮೇಲೆ ಹಾಸಿಗೆ ಒದ್ದೆಯಾಗುವುದು ಕಡಿಮೆಯಾಯಿತು.

* * *

ಗಂಡಸರು ಕಬರಸ್ತಾನಕ್ಕೆ ಹೋದ ಮೇಲೆ ಅಂಗಳ ಖಾಲಿಯಾಯಿತು. ಶೆಫಾಲಿ ಮನೆಯ ಹಿಂದಿನಿಂದ ಬರುವಷ್ಟರಲ್ಲಿ ಹಾಸ್ನಾರಾ ಕೊಟ್ಟಿಗೆಯ ಮೂಲೆಯಲ್ಲಿದ್ದ ಗೋಣಿಗಂಟನ್ನು ಸೊಂಟಕ್ಕೇರಿಸಿ ಕೆರೆಯ ಮೆಟ್ಟಿಲು ಇಳಿಯುತ್ತಿದ್ದಳು. ಅತ್ತೆ ಕೊನೆಗೆ ಉಟ್ಟದ್ದು, ಹಾಸಿಕೊಂಡದ್ದು ಎಲ್ಲ ಆ ಗಂಟಿನಲ್ಲಿತ್ತು. ಕೆಳಗಿನ ಮೆಟ್ಟಿಲಲ್ಲಿ ಮೊಯ್ನಾ, ಹೂಳಿ ಬಂದವರಿಗೆಲ್ಲ ಖಿಚಡಿ ಮಾಡಲು, ದೊಡ್ಡ ಬುಟ್ಟಿಯ ಅಕ್ಕಿಯನ್ನು ನೀರಿನಲ್ಲಿ ಅದ್ದಿ ತೊಳೆಯುತ್ತಿದ್ದಳು.

"ಬುಬು! ಅದನ್ನ ಅಲ್ಲೇ ಇಡಿ!"

"ಅಮ್ಮನ ಬಟ್ಟೆ ಕಣೇ. ಇದೊಂದಾದ್ರೂ ನಾನು ಮಾಡ್ತೀನಿ. ನೀನು ಒಗೆದಿರೋದು ಸಾಕು."

ಅವಳು ಕಕ್ಕುಲಾತಿಯಿಂದಲೇ ಅಂದದ್ದು. ಶೆಫಾಲಿ ಓಡಿಹೋಗಿ ಗಂಟನ್ನು ಹಿಡಿದು ಎಳೆದಳು. ಮೆಟ್ಟಿಲ ಮೇಲೆ ಇಬ್ಬರೂ ಜಗ್ಗಾಡಿದರು.

"ಹುಚ್ಚು ಹಿಡೀತಾ ನಿನಗೆ? ಬಿಡು!"

"ಎದೆನೋವಲ್ಲ ಬುಬು. ಕಾಲರಾ."

ಮೊಯ್ನಾಳ ಕೈಯಲ್ಲಿದ್ದ ಬುಟ್ಟಿ ಓರೆಯಾಗಿ ಅರ್ಧ ಅಕ್ಕಿ ನೀರಿಗೆ ಹೋಯಿತು. ಕುಲ್ಸುಮ್ ನಾನಿ ಮೇಲಿನ ಮೆಟ್ಟಿಲಲ್ಲಿ ಬಂದು ನಿಂತಿದ್ದಳು.

"ಅಮ್ಮನಿಗಾ?" ಎಂದಳು ಹಾಸ್ನಾರಾ. "ಊರಿಗೆಲ್ಲ ಬುದ್ಧಿ ಹೇಳಿದೋಳು ಅದರಲ್ಲೇ ಸತ್ಲು ಅಂತ ಜನ ನಗ್ತಾರೆ ಅಂತ ಮುಚ್ಚಿಟ್ಟೆಯಾ?"

"ಜನಕ್ಕೆ ಹೆದರಿ ಅಲ್ಲ." ಶೆಫಾಲಿ ಗಂಟನ್ನು ಎದೆಗೆ ಅವಚಿಕೊಂಡು ಮೆಟ್ಟಿಲ ಮೇಲೆ ಕುಸಿದಳು. "ಒಗೆದು ಒಗೆದು ಸಾಕಾಯ್ತು ಅಂದೆ ನಾನು. ಅಮ್ಮ ಕೇಳಿಸ್ಕೊಂಡ್ರು. ಅಲ್ಲಿಂದಾಚೆ ಕುಡೀಲೇ ಇಲ್ಲ. ಲೋಟ ತುಟಿಗೆ ಹಚ್ಚೋರು, ಇಳಿಸೋರು. ಕುಡಿದೆ ಕಣಮ್ಮಾ ಅನ್ನೋರು. ನಾನು ನೋಡ್ದೆ ಬುಬು. ನೋಡಿ ಸುಮ್ಮನಾದೆ. ಬಟ್ಟೆ ಒದ್ದೆ ಆಗ್ತಿಲ್ವಲ್ಲ ಅಂತ... ಹಗುರ ಆಯ್ತು ನನಗೆ."

ಹಾಸ್ನಾರಾ ಕೈ ಎತ್ತಿದಳು. ಹೊಡೆಯಲೆಂದೇ ಎತ್ತಿದ್ದು. ಇನ್ನೊಂದು ಕೈಯಿಂದ ಶೆಫಾಲಿಯ ಮುಂಗೈ ಹಿಡಿದಾಗ ಅದು ಮಂಜಿನ ಹಾಗೆ ತಣ್ಣಗಿತ್ತು, ಬೆರಳ ತುದಿಗಳು ಸುಕ್ಕಾಗಿದ್ದವು. ಎತ್ತಿದ ಕೈ ಹಾಗೆಯೇ ಇಳಿಯಿತು. ಉಪ್ಪು ಬೆಲ್ಲದ ಆಪಾಳ ಮಗಳು ಅವಳು. ಮುಂಗೈಯ ಚರ್ಮವನ್ನು ಚಿವುಟಿ ಬಿಟ್ಟಳು. ಮೈಯಲ್ಲಿ ನೀರಿದ್ದರೆ ಅದು ತಟ್ಟನೆ ಕೆಳಗಿಳಿಯಬೇಕು. ಇದು ಮಡಿಕೆಯಾಗಿ ನಿಂತೇ ಇತ್ತು.

"ಬೆಳಿಗ್ಗೆಯಿಂದ ಎಷ್ಟು ಸಲ ಹೋದೆ?"

"ಆರು."

"ಏನು ಕುಡಿದೆ?"

ಶೆಫಾಲಿ ಏನೂ ಇಲ್ಲ ಎಂದು ತಲೆಯಾಡಿಸಿದಳು. ಹಾಸ್ನಾರಾ ಅವಳ ಗುಳಿಬಿದ್ದ ಕಣ್ಣನ್ನೇ ಒಂದು ಗಳಿಗೆ ನೋಡಿದಳು.

"ಓಹೋ. ಅಮ್ಮನ ಹಿಂದೇನೇ ಹೊರಟೆಯಾ? ನನ್ನ ತಮ್ಮನಿಗೆ ಒಂದೇ ವಾರದಲ್ಲಿ ಎರಡು ಗುಂಡಿ ತೋಡೋ ಕೆಲಸ?"

ಆಮೇಲೆ ಅವಳ ಬಾಯಿಗೆ ಬಿಡುವಿರಲಿಲ್ಲ. ಗಂಟು ಕೆರೆಯಿಂದ ದೂರ ಹೋಗಬೇಕು, ಕೊಳವೆಬಾವಿ ನೀರಲ್ಲಿ ಬ್ಲೀಚಿಂಗ್ ಪೌಡರ್ ಕಲಸಿ ನೆನೆಹಾಕಬೇಕು. ಕೆರೆನೀರಲ್ಲಿ ತೊಳೆದ ಅಕ್ಕಿ ಚೆಲ್ಲಬೇಕು. ಆಸ್ಪತ್ರೆಗೆ ದೋಣಿ ಕರೆಸಬೇಕು. ಬಂದವರೆಲ್ಲ ಸಾಬೂನಲ್ಲಿ ಕೈ ತೊಳೆಯಬೇಕು. ನಾನಿ ಅಷ್ಟು ಹೊತ್ತಿಗೆ ಸಾಬೂನು ಹಿಡಿದು ಕೊಳವೆಬಾವಿಯ ಹತ್ತಿರ ನಿಂತಾಗಿತ್ತು.

ಜಗಲಿಯ ಚಾಪೆಯ ಮೇಲೆ ಶೆಫಾಲಿಯನ್ನು ಕೂರಿಸಿದರು. ಹಾಸ್ನಾರಾ ಕೊಳವೆಬಾವಿಯ ನೀರು ಅರ್ಧ ಲೀಟರ್ ಅಳೆದು, ಪ್ಯಾಕೆಟ್ ಪೂರ್ತಿ ಸುರಿದು ಕಲಸಿ ಲೋಟ ತಂದಳು.

"ನಾನು ಕುಡೀಬಾರದು ಬುಬು."

"ನಿನ್ನನ್ನ ಮಾಫ್ ಮಾಡಿದೀನಿ ಅಂದ್ಕೋಬೇಡ. ಮಾಡಿಲ್ಲ. ಮಾಡ್ತೀನೋ ಇಲ್ವೋ ಗೊತ್ತೂ ಇಲ್ಲ. ಕುಡಿ."

"ಚಾಪೆ, ಬಟ್ಟೆ ಎಲ್ಲ ಹಾಳಾಗುತ್ತೆ."

"ಆಗ್ಲಿ. ನಾನು ಒಗೀತೀನಿ."

ಅದನ್ನು ಕೇಳಿ ಶೆಫಾಲಿ ಬಿಕ್ಕಿ ಬಿಕ್ಕಿ ಅತ್ತಳು. ಕಣ್ಣಲ್ಲಿ ನೀರು ಬರಲಿಲ್ಲ. ಹಾಸ್ನಾರಾ ಅವಳ ಕತ್ತಿನ ಹಿಂದೆ ಕೈ ಕೊಟ್ಟು ತಲೆ ಎತ್ತಿ, ಲೋಟವನ್ನು ತುಟಿಗೆ ಒತ್ತಿದಳು. ಲೋಟದಲ್ಲಿ ಎಷ್ಟು ಇಳಿಯಿತು ಎಂದು ಅವಳು ನೋಡಲಿಲ್ಲ. ಶೆಫಾಲಿಯ ಗಂಟಲನ್ನೇ ನೋಡುತ್ತಿದ್ದಳು. ಅದು ಒಮ್ಮೆ ಮೇಲೆದ್ದು ಇಳಿಯಿತು. ಸ್ವಲ್ಪ ತಡೆದು ಮತ್ತೊಮ್ಮೆ ಇಳಿಯಿತು. ಹಾಸ್ನಾರಾ ಕಣ್ಣು ತೆಗೆಯಲಿಲ್ಲ.