ಒಳಗಿನ ಸುದ್ದಿ

ಬ್ಯೂಟಿ ಪಾರ್ಲರಿನವಳಿಗೆ ಟೀವಿಯ ಆ ಧಾರಾವಾಹಿಯೆಂದರೆ ಜೀವ. ತಪ್ಪು ಮಾಡಿ ಸಿಕ್ಕಿಬಿದ್ದ ಎಳೆ ಹುಡುಗಿಯರ ಸೆರೆಮನೆಯ ಕಥೆ. ಹೊಡೆತ, ಬಡಿತ, ಕತ್ತಲೆ ಕೋಣೆ, ಮೂಲೆಯಲ್ಲಿ ಮುದುಡಿ ಕೂತ ನಾಯಕಿ. ಪಾರ್ಲರಿನವಳೂ ಅವಳ ನಾದಿನಿಯೂ ಕಣ್ಣು ಕೆಂಪಾಗುವಷ್ಟು ಅತ್ತು, ಮುಗಿದ ಮೇಲೆ "ಇವತ್ತು ಚೆನ್ನಾಗಿತ್ತಲ್ವಾ?" ಎಂದು ಮೂಗು ಒರೆಸಿಕೊಳ್ಳುತ್ತಿದ್ದರು.

ಊರಾಚೆಯ ಬಾಲಕಿಯರ ಸುಧಾರಣಾ ಗೃಹಕ್ಕೆ ತಿಂಗಳಿಗೊಮ್ಮೆ ಬಂದು ಪುಕ್ಕಟೆಯಾಗಿ ಕೂದಲು ಕತ್ತರಿಸುವವರು ಬೇಕಂತೆ ಎಂದು ಕಿವಿಗೆ ಬಿದ್ದಾಗ ಅವಳು ಹಿಂದೆಮುಂದೆ ನೋಡದೆ ಒಪ್ಪಿಕೊಂಡಳು. "ದೊಡ್ಡ ಮನಸ್ಸು ನಿಮ್ದು" ಎಂದರು ಎದುರಂಗಡಿಯವರು. ಅಲ್ಲವೆನ್ನಲು ಅವಳು ಹೋಗಲಿಲ್ಲ. ನಾದಿನಿ ಮಾತ್ರ ಬಾಗಿಲವರೆಗೆ ಬಂದು, "ಅತ್ತಿಗೆ, ಒಳಗೆ ನಿಜವಾಗ್ಲೂ ಹಾಗೇ ಇರುತ್ತಾ ಅಂತ ಕೇಳ್ಕೊಂಡು ಬನ್ನಿ" ಎಂದಳು.

ಒಳಗಿದ್ದದ್ದು ಸುಣ್ಣದ ವಾಸನೆಯ ಉದ್ದನೆಯ ಕೋಣೆ. ಬಾಗಿಲ ಬಳಿ ಮೇಲ್ವಿಚಾರಕಿ ಕತ್ತರಿಯ ಮೇಲೆ ಒಂದು ಕಣ್ಣಿಟ್ಟು ಕೂತಿದ್ದಳು. ಮೊದಲು ಬಂದವಳು ಹದಿನೈದರ ಆಸುಪಾಸಿನ ಹುಡುಗಿ. ಪಾರ್ಲರಿನವಳು ಅವಳ ಹೆಗಲಿಗೆ ಬಟ್ಟೆ ಸುತ್ತಿ, ಕೂದಲು ಬಾಚಿ, ದನಿ ತಗ್ಗಿಸಿದಳು.

"ಇಲ್ಲಿ ಹೇಗಿರುತ್ತಮ್ಮಾ?"

"ಬೋರು, ಅಕ್ಕ. ಬೆಳಿಗ್ಗೆ ಪಾಠ, ಮಧ್ಯಾಹ್ನ ಹೊಲಿಗೆ. ಭಾನುವಾರ ಬರ್ತೀನಿ ಅಂತಾಳೆ ಅಮ್ಮ. ಬರೋಕಾಗಲ್ಲ ಅವಳಿಗೆ."

"ಅಷ್ಟೇನಾ?"

ಮಾತು ಬಾಯಿಂದ ಜಾರಿಬಿಟ್ಟಿತ್ತು. ಹುಡುಗಿ ಬೇರೆಯದೇ ದನಿಯಲ್ಲಿ ಶುರುಮಾಡಿದಳು. ಕತ್ತಲೆ ಕೋಣೆಗೆ ತಳ್ಳುತ್ತಾರಂತೆ. ಮೈಮೇಲೆ ತಣ್ಣೀರು ಸುರಿಯುತ್ತಾರಂತೆ. ಹೊರಗೆ ಬರುವಷ್ಟರಲ್ಲಿ ಗೆಳತಿಯೊಬ್ಬಳ ಕೂದಲೆಲ್ಲ ಬೆಳ್ಳಗಾಗಿತ್ತಂತೆ. ಪಾರ್ಲರಿನವಳ ಮೈ ಜುಮ್ಮೆಂದಿತು. ಕತ್ತರಿ ಹಿಡಿದ ಕೈ ಹಾಗೇ ನಿಂತು, "ಅಯ್ಯೋ, ಆಮೇಲೆ?" ಎಂದು ಬಗ್ಗಿ ಬಗ್ಗಿ ಕೇಳಿದಳು. ಕೇಳುತ್ತಿದ್ದಂತೆ ತಟಕ್ಕನೆ ಹೊಳೆಯಿತು. ಇದು ಹೋದ ವಾರ ತಾನು ಕೂತು ಅತ್ತ ಸಂಚಿಕೆ!

"ಇದು ಟೀವೀಲಿ ಬಂದಿದ್ದಲ್ವಾ?"

"ಹ್ಞೂ. ನಾವೂ ನೋಡ್ತೀವಲ್ಲ," ಎಂದಳು ಹುಡುಗಿ, ಯಾವ ಅಳುಕೂ ಇಲ್ಲದೆ. "ಬಂದೋರೆಲ್ಲ ಇದನ್ನೇ ಕೇಳೋದು. ಅಮ್ಮನ ವಿಷಯ ಹೇಳಿದ್ರೆ ಮುಖ ಸಪ್ಪಗೆ ಮಾಡ್ಕೋತಾರೆ. ಇದು ಹೇಳಿದ್ರೆ ಖುಷಿಪಡ್ತಾರೆ. ನಿಮಗೂ ಖುಷಿಯಾಯ್ತಲ್ವಾ, ಅಕ್ಕ?"

ಪಾರ್ಲರಿನವಳ ಕಿವಿಯವರೆಗೂ ಬಿಸಿಯೇರಿತು. ತಾಯಿ ಯಾಕೆ ಬರುತ್ತಿಲ್ಲ, ಅವಳನ್ನು ನೋಡಿ ಎಷ್ಟು ದಿನವಾಯಿತು ಎಂದು ವಿಚಾರಿಸಬೇಕೆನಿಸಿತು. ಈಗ ವಿಚಾರಿಸಿದರೆ ಇನ್ನೊಂದು ಕಥೆಗೆ ಕೈಚಾಚಿದಂತಾದೀತೆಂದು ನಾಲಿಗೆ ಕಚ್ಚಿಕೊಂಡಳು. ಉಳಿದವರ ಕೂದಲನ್ನೆಲ್ಲ ತಲೆಯೆತ್ತದೆ ಕತ್ತರಿಸಿ ಮುಗಿಸಿದಳು.

ಮನೆಯಲ್ಲಿ ನಾದಿನಿ ಚಪ್ಪಲಿ ಬಿಡಲೂ ಬಿಡಲಿಲ್ಲ. "ಹೊಡೀತಾರಾ, ಅತ್ತಿಗೆ?"

"ಇಲ್ವೇ. ಹೊಲಿಗೆ ಕಲಿಸ್ತಾರೆ."

"ಥೂ, ಹೋಗ್ಲಿ ಬಿಡಿ. ಬನ್ನಿ, ಶುರುವಾಯ್ತು."

ನೋಡಬಾರದು ಎಂದುಕೊಂಡೇ ಹೋಗಿ ಕೂತಳು. ನಾಯಕಿ ಬಿಕ್ಕಿದಳು, ಹಾಳು ಕಣ್ಣು ಇವಳ ಮಾತು ಕೇಳದೆ ತುಂಬಿಕೊಂಡಿತು. ಎಂದೂ ಹಾಗೆ ಮಾಡದವಳು ಅಂದು ನಾದಿನಿಗೆ ಕಾಣದಂತೆ ಮುಖ ತಿರುಗಿಸಿ ಒರೆಸಿಕೊಂಡಳು.

ಮುಂದಿನ ತಿಂಗಳು ಅಲ್ಲಿಗೆ ಹೊರಡಲು ಕಾಲೇ ಏಳಲಿಲ್ಲ. ಹೋಗದಿದ್ದರೆ ಅದು ಇನ್ನೂ ನಾಚಿಕೆಗೇಡೆನಿಸಿ ಹೋದಳು. ಅದೇ ಹುಡುಗಿ ಬಂದು ಕೂತಳು.

"ಎಷ್ಟು ಕತ್ತರಿಸ್ಲಿ?"

"ಕಿವಿ ಕಾಣೋ ಹಾಗೆ, ಅಕ್ಕ."

ಮತ್ತೇನನ್ನೂ ಹುಡುಗಿ ಹೇಳಲಿಲ್ಲ. ಅಮ್ಮ ಬಂದಿದ್ದಳೇ ಎಂದು ಕೇಳುವ ಮುಖ ಇವಳಿಗಿರಲಿಲ್ಲ.